ಮಾಳಮ್ಮ ಹೊರಗಿಟ್ಟ ಟ್ರೇ

ಗುಡೇಕೋಟೆಯ ಮಾಳಮ್ಮನ ಮನೆಯ ಜೋಳಕ್ಕೆ ಹುಳ ಹಿಡಿದದ್ದನ್ನು ಕಂಡವರಿಲ್ಲ. ಮೂವತ್ತು ವರ್ಷದಿಂದ ಕಾಳಿಗೆ ಬೂದಿ, ಒಣಗಿದ ಬೇವಿನೆಲೆ ಬೆರೆಸಿ, ಹುಳ ಅನ್ನುವುದು ಹೊಸ್ತಿಲ ಒಳಗೆ ಕಾಲಿಡದ ಹಾಗೆ ನೋಡಿಕೊಂಡವಳು. ಕುರಿಯ ಕಿವಿಯ ಹಿಂದೆ ಅಡಗಿ ಕೂತ ಉಣ್ಣಿಯನ್ನು ನೋಡದೆಯೇ ಬೆರಳಲ್ಲಿ ಹುಡುಕಿ ಕಿತ್ತು ಎಸೆಯುವ ಕೈ ಅದು. ಅಂಥವಳು ಐವತ್ತಮೂರನೆಯ ವಯಸ್ಸಿನಲ್ಲಿ ಒಂದು ಕೋಣೆ ತುಂಬ ಹುಳ ಸಾಕಿಕೊಂಡು, ಆ ಹುಳಗಳಿಗೆ ಬೇರೆ ಹುಳ ಹತ್ತದ ಹಾಗೆ ಕಾಯುತ್ತ ಕೂತಳು ಅಂದರೆ ಓಣಿಯವರು ನಗದೆ ಇರುತ್ತಾರೆಯೇ? ನಕ್ಕರು. ಆಕೆಯೂ ಸೆರಗು ಬಾಯಿಗೆ ಹಿಡಿದು ಅವರ ಜೊತೆ ನಕ್ಕಳು.

ಆಕೆಯನ್ನು ಹುಳಗಳ ಹತ್ತಿರ ತಂದು ಕೂರಿಸಿದ್ದು ಒಂದು ಮೇಕೆ. ಎರಡು ವರ್ಷದ ಹಿಂದೆ ಊರ ಹಿಂದಿನ ಬಂಡೆಗುಡ್ಡದಲ್ಲಿ ಹಟಮಾರಿ ಮೇಕೆಯೊಂದು ಎರಡು ಬಂಡೆಗಳ ಸಂದಿಗೆ ಇಳಿದು ಹತ್ತಲಾಗದೆ ಅರಚುತ್ತಿತ್ತು. ಅದನ್ನು ಎಳೆಯಲು ಹೋದ ಮಾಳಮ್ಮ ಜಾರಿ ಬಿದ್ದಳು. ಮೇಕೆ ಆಕೆಯ ಬೆನ್ನ ಮೇಲೆ ಕಾಲಿಟ್ಟು ಹತ್ತಿ ಹೋಯಿತು. ಮಾಳಮ್ಮನ ಮೊಣಕಾಲು ಮಾತ್ರ ಮೊದಲಿನಂತಾಗಲಿಲ್ಲ. ಅಂದಿನಿಂದ ಗಂಡ ಬಂಗಾರಪ್ಪನೊಬ್ಬನೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಈಕೆ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಕೂತು ಉಣ್ಣುವ ಅನ್ನ ಅವಳ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿರಲಿಲ್ಲ.

ಆ ಸಂಕಟ ಗೊತ್ತಾದದ್ದು ರೇಣುಕಾಗೆ. ರೇಣುಕಾ ಮಾಳಮ್ಮನ ಅಣ್ಣನ ಮಗಳು, ಹಂಪಸಾಗರದವಳು. ಇದೇ ಓಣಿಯ ಓಬಳೇಶನನ್ನು ಮದುವೆಯಾಗಿ ಎರಡು ಮನೆ ಆಚೆ ಸಂಸಾರ ಹೂಡಿದ್ದಳು. ಎಲ್ಲೋ ತರಬೇತಿಗೆ ಹೋಗಿ ಬಂದು ಆಕೆ ಬೂಸಾ ಹುಳ ಸಾಕುತ್ತಿದ್ದಳು. ಗೋಧಿ ಬೂಸಾದಲ್ಲೇ ಹುಟ್ಟಿ, ಬೂಸಾವನ್ನೇ ತಿಂದು, ಬೆರಳಿನ ಗೆಣ್ಣಷ್ಟುದ್ದ ಬೆಳೆಯುವ ಹಳದಿ ಹುಳ. ಕೋಳಿಮರಿಗಳಿಗೆ ಅದು ಹಬ್ಬದೂಟ. ಹೊಸಪೇಟೆಯ ಬಣ್ಣದ ಮೀನಿನ ಅಂಗಡಿಯವರಿಗೂ ಬೇಕು. ಒಂದಷ್ಟು ಹುಳವನ್ನು ಮಾರದೆ, ಕೋಳಿಗೆ ಹಾಕದೆ ಬಿಟ್ಟರೆ ಅವು ಬಿಳಿ ಕೋಶ ಕಟ್ಟಿ, ಕರಿ ದುಂಬಿಗಳಾಗಿ, ಮತ್ತೆ ಮೊಟ್ಟೆ ಇಡುತ್ತವೆ. ಹಾಗೆ ಬಿಟ್ಟದ್ದಕ್ಕೆ ರೇಣುಕಾ ಬೀಜದ ಹುಳ ಅನ್ನುತ್ತಿದ್ದಳು. ಆ ಬೀಜ ನಿಲ್ಲಿಸಿಕೊಳ್ಳಲು ಆಕೆಗೆ ಎರಡು ವರ್ಷ ಹಿಡಿದಿತ್ತು. ಒಮ್ಮೆ ಇರುವೆ ಬಂದು ಎಲ್ಲ ಹೊತ್ತುಕೊಂಡು ಹೋದವು, ಇನ್ನೊಮ್ಮೆ ನುಸಿ ಬಿದ್ದು ಹಾಳಾಯಿತು. ಮೂರನೆಯ ಸಲಕ್ಕೆ ಕೈ ಹಿಡಿದಿತ್ತು, ಅಷ್ಟರಲ್ಲಿ ರೇಣುಕಾ ಬಸುರಿಯಾದಳು.

ಏಳು ತಿಂಗಳು ತುಂಬಿ ಹೆರಿಗೆಗೆ ಹಂಪಸಾಗರಕ್ಕೆ ಹೊರಡುವ ಮುಂಚೆ ಆಕೆ ತನ್ನ ಹದಿಮೂರೂ ಟ್ರೇಗಳನ್ನು ಮಾಳಮ್ಮನ ಒಳಕೋಣೆಗೆ ಸಾಗಿಸಿದಳು. ಗಂಡನಿಗೆ ಯಾಕೆ ಒಪ್ಪಿಸಲಿಲ್ಲ ಅಂದರೆ, ಟ್ರ್ಯಾಕ್ಟರ್ ಕೆಳಗೆ ಮಲಗಿ ನಟ್ಟು ಬಿಚ್ಚುವ ಆ ಗಟ್ಟಿಗ ಓಬಳೇಶ ಹುಳ ಕಂಡರೆ ಬಾಗಿಲಲ್ಲೇ ನಿಲ್ಲುತ್ತಿದ್ದ.

"ಅತ್ತಿ, ನನ್ನ ಎರಡು ವರ್ಷ ನಿನ್ನ ಕೈಯಾಗ ಇಟ್ಟು ಹೊಂಟೀನಿ," ಅಂದಳು ರೇಣುಕಾ. "ಕೂಸು ಎತ್ತಿಕೊಂಡು ಬಂದಾಗ ಮತ್ತ ಮೊದಲಿಂದ ಸುರು ಮಾಡಾಕ ನನ್ನ ಕೈಲಾಗಂಗಿಲ್ಲ."

ಕಾಲು ಹೋದ ಮೇಲೆ ಯಾರಾದರೂ ಮಾಳಮ್ಮನನ್ನು ನಂಬಿ ಕೊಟ್ಟ ಮೊದಲ ಕೆಲಸ ಅದು.

ಶುದ್ಧ ಅನ್ನುವುದಕ್ಕೆ ರೇಣುಕಾ ಹೇಳಿಕೊಟ್ಟ ಅರ್ಥವೇ ಬೇರೆಯಾಗಿತ್ತು. ಟ್ರೇ ಇಡುವ ಅಟ್ಟಣೆಯ ನಾಲ್ಕೂ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಬೇಕು, ಇರುವೆ ಈಜಿ ಬರಲಾರದು. ಹೊಸ ಬೂಸಾವನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಆರಿದ ಮೇಲೆಯೇ ಹಾಕಬೇಕು, ಅದರ ಜೊತೆ ಬಂದ ಕಳ್ಳ ಹುಳಗಳು ಅಲ್ಲೇ ಮುಗಿಯಲಿ. ಹುಳ ನೀರು ಕುಡಿಯುವುದಿಲ್ಲ, ಗಜ್ಜರಿ ಚೂರನ್ನೋ ಆಲೂಗಡ್ಡೆ ಬಿಲ್ಲೆಯನ್ನೋ ಒರೆಸಿ ಇಟ್ಟರೆ ಅದರ ತೇವ ಸಾಕು. ಆದರೆ ಅದು ಕೊಳೆಯುವ ಮೊದಲೇ ಎತ್ತಬೇಕು. ಜರಡಿ ಹಿಡಿದು ಹಿಕ್ಕೆ ತೆಗೆಯಬೇಕು, ಸತ್ತದ್ದನ್ನು ಆರಿಸಬೇಕು. ಒಂದು ಟ್ರೇ ಮುಟ್ಟಿ ಇನ್ನೊಂದು ಟ್ರೇ ಮುಟ್ಟುವ ಮೊದಲು ಸೋಪು ಹಚ್ಚಿ ಎರಡು ಸಲ ಕೈ ತೊಳೆಯಬೇಕು. ಮಾಳಮ್ಮ ಅಕ್ಷರ ಕಲಿತವಳಲ್ಲ, ಇಷ್ಟನ್ನೂ ಒಂದೇ ಸಲಕ್ಕೆ ನೆನಪಲ್ಲಿಟ್ಟುಕೊಂಡಳು. ಮೊದಲ ವಾರ ಒಂದೇ ಒಂದು ಸಲ, ಬೂಸಾ ತುಂಬಿದ ಡಬ್ಬಿಗೆ ಆಕೆಯ ಕೈ ತಾನೇ ಹೋಗಿ ಒಂದು ಹಿಡಿ ಬೇವಿನೆಲೆ ಹಾಕುವುದರಲ್ಲಿತ್ತು. ಮೂವತ್ತು ವರ್ಷದ ಚಾಳಿ ಬಿಡುತ್ತದೆಯೇ. ನಡುವೆಯೇ ಎಚ್ಚರಾಗಿ ಕೈ ಹಿಂದೆ ತೆಗೆದು, ತನ್ನ ಕೈಗೆ ತಾನೇ ಬೈದುಕೊಂಡಳು.

ಮೂರನೆಯ ವಾರ ಹದಿಮೂರನೆಯ ಟ್ರೇಯಲ್ಲಿ ಒಂದು ಆಲೂಗಡ್ಡೆ ಬಿಲ್ಲೆ ಬೂಸಾದ ಅಡಿ ಸೇರಿ ಮರೆತುಹೋಯಿತು. ಎರಡು ದಿನಕ್ಕೆ ಟ್ರೇಯ ಅಂಚಿನಲ್ಲಿ ಸಣ್ಣ ಕಂದು ಧೂಳು ಕಂಡಿತು. ಒರೆಸಲು ಹೋದರೆ ಧೂಳು ನಡೆಯುತ್ತಿತ್ತು. ನುಸಿ! ಜಡ್ಡು ಬಂದ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟಬೇಕೆಂಬುದನ್ನು ಮಾತ್ರ ಆಕೆಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆ ಟ್ರೇಯನ್ನು ಎತ್ತಿ ಹೊರಗೆ ಪಡಸಾಲೆಯ ಮೂಲೆಗೆ ಇಟ್ಟಳು. ಕೋಳಿಗೆ ಸುರಿದುಬಿಡು ಅಂದ ಬಂಗಾರಪ್ಪ. ಕುಂಟುವ ಮರಿಯನ್ನೂ ಹೆಗಲ ಮೇಲೆ ಹೊತ್ತು ತಂದು ಅಭ್ಯಾಸವಾದ ಹೆಂಗಸಿಗೆ ಅಷ್ಟು ಸುಲಭಕ್ಕೆ ಸುರಿಯಲು ಮನಸ್ಸು ಬರಲಿಲ್ಲ. ನಾಳೆ ನೋಡೋಣ ಅಂದು ಬಿಟ್ಟಳು.

ಅಷ್ಟರಲ್ಲಿ ಚಳಿ ಇಳಿಯಿತು. ಬಂಡೆಗುಡ್ಡದ ಮೇಲಿಂದ ಬೀಸುವ ಗಾಳಿ ಆ ಕೋಣೆಯ ಹೆಂಚಿನ ಸಂದಿಯಲ್ಲಿ ನುಗ್ಗುತ್ತಿತ್ತು. ಹುಳಗಳು ಮಂಕಾಗಿ ಬಿದ್ದಿರುತ್ತಿದ್ದವು, ಗಜ್ಜರಿ ಇಟ್ಟರೂ ಮುಖ ಎತ್ತುತ್ತಿರಲಿಲ್ಲ. ಬೆಚ್ಚಗಿಡಬೇಕೆಂದು ರೇಣುಕಾ ಹೇಳಿ ಹೋಗಿದ್ದಳು. ಹೊದಿಸಲು ಮನೆಯಲ್ಲಿ ಇರುವುದರಲ್ಲೇ ಶುದ್ಧವಾದದ್ದು ಯಾವುದು ಎಂದು ಮಾಳಮ್ಮ ಯೋಚಿಸಿದಳು. ಯೋಚಿಸುವುದೇನು ಬಂತು, ಕಂಬಳಿ.

ಕುರಿ ಸಾಕುವ ಮನೆಯಲ್ಲಿ ಕರಿ ಕಂಬಳಿಗೆ ಮೈಲಿಗೆ ಇಲ್ಲ. ಅದನ್ನು ಒಗೆಯುವುದೂ ಇಲ್ಲ. ಬಂಗಾರಪ್ಪನ ಅಜ್ಜನ ಕಾಲದ ಆ ದೊಡ್ಡ ಕಂಬಳಿಯನ್ನು ಹಬ್ಬದ ದಿನ ಮಡಿಸಿ ಹಾಸಿ, ಅದರ ಮೇಲೆ ಭಂಡಾರ ಇಟ್ಟು ಮನೆದೇವರನ್ನು ಕೂರಿಸುತ್ತಿದ್ದರು. ಓಣಿಯಲ್ಲಿ ಯಾವ ಬಾಣಂತಿ ತವರಿಂದ ಕೂಸು ತಂದರೂ ಮೊದಲು ಮಾಳಮ್ಮನ ಮನೆಗೆ ಬಂದು, ಆ ಕಂಬಳಿಯ ಮೇಲೆ ಕೂಸನ್ನು ಮಲಗಿಸಿ, ಆಮೇಲೆ ತನ್ನ ಮನೆಗೆ ಹೋಗಬೇಕು. ಓಬಳೇಶನೂ ಮೊದಲು ಮಲಗಿದ್ದು ಅದರ ಮೇಲೆಯೇ. ಹೋದ ವಾರ ಕುರಿಗಳಿಗೆ ಉಣ್ಣಿ ಔಷಧಿಯ ಸ್ನಾನ ಮಾಡಿಸಿದ ದಿನ, ತನ್ನ ದಿನದ ಕಂಬಳಿ ಹರಿದಿದ್ದರಿಂದ ಬಂಗಾರಪ್ಪ ಇದನ್ನೇ ಹೊದ್ದು ಹೋಗಿದ್ದ. ಔಷಧಿ ನೀರಿನ ತೊಟ್ಟಿಯಿಂದ ಎದ್ದ ಕುರಿಗಳೆಲ್ಲ ಆತನ ಮೈಗೆ ಉಜ್ಜಿಕೊಂಡೇ ದಾಟಿದ್ದವು. ಇದು ಮಾಳಮ್ಮನಿಗೆ ಗೊತ್ತಿತ್ತು. ಆಕೆಯೇ ಕಂಬಳಿಯನ್ನು ಬಿಸಿಲಿಗೆ ಹಾಕಿ ಒಣಗಿಸಿ ಮಡಿಸಿದ್ದಳು. ಆದರೆ ಕಂಬಳಿ ಕೆಡುತ್ತದೆ ಅನ್ನುವ ವಿಚಾರವೇ ಆ ಮನೆಯಲ್ಲಿ ಯಾರ ತಲೆಗೂ ಯಾವತ್ತೂ ಬಂದಿರಲಿಲ್ಲ.

ಹನ್ನೆರಡು ಟ್ರೇ ಇದ್ದ ಅಟ್ಟಣೆಯ ಸುತ್ತ ಸಂದಿಯಿಲ್ಲದಂತೆ ಕಂಬಳಿ ಹೊದಿಸಿ, ದೇವರ ಹೆಸರು ಹೇಳಿದಳು. ಪಡಸಾಲೆಯ ಜಡ್ಡಿನ ಟ್ರೇಗೆ ದೇವರ ಕಂಬಳಿಯ ಭಾಗ್ಯ ಇರಲಿಲ್ಲ. ಅದಕ್ಕೆ ಒಂದು ಹಳೆಯ ಗೋಣಿಚೀಲ ಎಸೆದಳು.

ಎರಡನೆಯ ದಿನ ಬೆಳಗ್ಗೆ ಕಂಬಳಿ ಸರಿಸಿದಾಗ ಮೊದಲ ಟ್ರೇಯಲ್ಲಿ ಒಂದೂ ಅಲುಗಲಿಲ್ಲ. ಹುಳಗಳು ಸುರುಳಿ ಸುತ್ತಿ ಕಪ್ಪಗಾಗಿದ್ದವು. ದುಂಬಿಗಳು ಅಂಗಾತ ಬಿದ್ದು ಕಾಲು ಮಡಚಿಕೊಂಡಿದ್ದವು. ಎರಡನೆಯದು, ಮೂರನೆಯದು, ಹನ್ನೆರಡನೆಯದು, ಎಲ್ಲವೂ ಹಾಗೇ. ಯಾರದೋ ಕಣ್ಣು ತಗುಲಿತೆಂದುಕೊಂಡಳು ಮೊದಲು. ಆಮೇಲೆ ಅಳು ಒರೆಸಿಕೊಳ್ಳಲು ಅಂಗೈ ಮುಖಕ್ಕೆ ತಂದಾಗ ಮೂಗಿಗೆ ಹೊಡೆಯಿತು, ಸಣ್ಣಗೆ, ಕಹಿಯಾಗಿ, ಉಣ್ಣಿ ಔಷಧಿಯ ವಾಸನೆ. ಮಾಳಮ್ಮ ಇದ್ದಲ್ಲೇ ಕೂತಳು. ಮಧ್ಯಾಹ್ನದ ತನಕ ಏಳಲಿಲ್ಲ.

ಅಂದು ಸಂಜೆ ಬಂಗಾರಪ್ಪ ಬಂದಾಗ ಆಕೆ ಕಂಬಳಿಯನ್ನು ಆತನ ಮುಂದೆ ಎಸೆದಳು. ಆತ ಮೊದಲು ನಂಬಲಿಲ್ಲ. ಕಂಬಳಿ ಯಾರನ್ನಾದರೂ ಕೊಂದದ್ದುಂಟೇ ಎಂದು ಅವಳಿಗೇ ಗದರಿದ. ಆಮೇಲೆ ಅದರಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಮೂಸಿದ. ಅದನ್ನು ಬಗಲಲ್ಲಿಟ್ಟುಕೊಂಡು, ಊರಾಚೆಯ ತೊಟ್ಟಿಯ ಹತ್ತಿರ ಹೋಗಿ, ತನ್ನ ವಂಶದಲ್ಲಿ ಯಾರೂ ಮಾಡದ ಕೆಲಸ ಮಾಡಿದ. ಕಂಬಳಿ ಒಗೆದ. ಆ ವಾರದಲ್ಲಿ ಮೂರು ಸಲ ಒಗೆದ. ವಾಸನೆ ಹೋಗಲಿಲ್ಲ. ಕೊನೆಗೆ ಅದನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಹಾಕಿ, ಯಾರೂ ಮುಟ್ಟಬಾರದೆಂದ.

ಹುಳ ಸತ್ತ ದಿನದ ಸಂಜೆಯೇ ಫೋನು ಬಂತು. ಒಂದು ದಿನ ಬಿಟ್ಟು ಒಂದು ದಿನ ರೇಣುಕಾ ಮಾಡುವ ಫೋನು.

"ಹುಳ ಹೆಂಗದಾವ ಅತ್ತಿ?"

"ಚಂದ ಅದಾವವ್ವ," ಅಂದಳು ಮಾಳಮ್ಮ. "ನೀ ಹೊಟ್ಟಿ ತುಂಬ ಉಂಡು ಮಲಕ್ಕೋ."

ತುಂಬಿದ ಬಸುರಿಗೆ ಕೆಟ್ಟ ಸುದ್ದಿ ಹೇಳಬಾರದು, ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅದರ ಮರೆಯಲ್ಲಿ ತನ್ನ ಅಂಜಿಕೆಯೂ ಕೂತಿದೆಯೆಂದು ಮಾಳಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಫೋನಿಟ್ಟ ಮೇಲೆ ತನ್ನ ನಾಲಗೆಯ ಮೇಲೆ ಆಕೆಗೆ ಅಸಹ್ಯವಾಯಿತು. ಅಣ್ಣನ ಮಗಳು ನಂಬಿ ಕೊಟ್ಟ ಎರಡು ವರ್ಷವನ್ನು ಎರಡು ದಿನದಲ್ಲಿ ಮುಗಿಸಿದ್ದಳು.

ಮರುದಿನ ಸತ್ತ ಹುಳಗಳನ್ನೆಲ್ಲ ಗುಂಡಿ ತೋಡಿ ಹೂತಳು. ಕೋಳಿಗೆ ಒಂದು ಚೂರೂ ಕೊಡಲಿಲ್ಲ. ಕೈ ತೊಳೆದು ಪಡಸಾಲೆಗೆ ಬಂದವಳಿಗೆ ಗೋಣಿಚೀಲದ ಅಡಿಯಿಂದ ಒಂದು ಸದ್ದು ಕೇಳಿಸಿತು, ಒಣಗಿದ ಎಲೆಯ ಮೇಲೆ ತುಂತುರು ಬಿದ್ದಂಥ ಸರಸರ. ಚೀಲ ತೆಗೆದಳು. ತಾನು ಹೇಸಿ ಹೊರಗಿಟ್ಟ, ದೇವರ ಕಂಬಳಿ ಸಿಗದ ಹದಿಮೂರನೆಯ ಟ್ರೇಯಲ್ಲಿ ಹುಳಗಳು ಬೂಸಾ ಮೇಯುತ್ತಿದ್ದವು. ಮೈಮೇಲೆ ನುಸಿ ಹೊತ್ತುಕೊಂಡೇ ಮೇಯುತ್ತಿದ್ದವು. ಮಾಳಮ್ಮ ಟ್ರೇಯ ಅಂಚಿಗೆ ಹಣೆ ಹಚ್ಚಿದಳು. ಸಾಷ್ಟಾಂಗ ಹಾಕುತ್ತಿದ್ದಳೇನೋ, ಮೊಣಕಾಲು ಬಿಡಲಿಲ್ಲ.

ಇನ್ನು ಈ ಒಂದು ಟ್ರೇಯ ನುಸಿ ಬಿಡಿಸಬೇಕು. ಇದೂ ಹೋದರೆ ರೇಣುಕಾಳ ಹುಳದ ಹೆಸರು ಹೇಳಲು ಒಂದೂ ಉಳಿಯುವುದಿಲ್ಲ. ಔಷಧಿಯ ಮಾತಂತೂ ಇಲ್ಲ, ನುಸಿ ಕೊಲ್ಲುವುದು ಹುಳವನ್ನೂ ಕೊಲ್ಲುತ್ತದೆ. ಹಾಗಾದರೆ ಒಂದು ಸಾಯುವ, ಇನ್ನೊಂದು ಬದುಕುವ ಉಪಾಯ ಏನಿದೆ? ಬೇಸಿಗೆಯಲ್ಲಿ ಕುರಿ ಕಾದವಳಿಗೆ ಅದು ಹೊಳೆಯಲು ಬಹಳ ಹೊತ್ತು ಬೇಕಾಗಲಿಲ್ಲ. ಬಾಯಾರಿಕೆ. ನುಸಿ ಬಂದದ್ದೇ ಆ ಆಲೂಗಡ್ಡೆಯ ತೇವಕ್ಕೆ. ತೇವ ಇಲ್ಲದೆ ಅದು ಬದುಕದು. ಹುಳವಾದರೆ ಒಣ ಬೂಸಾ ತಿಂದುಕೊಂಡು ಹದಿನೈದು ದಿನ ತಡೆದೀತು, ಹಾಗೆಂದು ರೇಣುಕಾಳೇ ಒಮ್ಮೆ ಹೇಳಿದ್ದಳು.

ಗಜ್ಜರಿ, ಆಲೂಗಡ್ಡೆ ಎಲ್ಲ ನಿಂತವು. ಮಾಳಮ್ಮ ದಿನಾ ಬೆಳಗ್ಗೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಹುಳಗಳನ್ನು ಜರಡಿಗೆ ಹಾಕುವಳು. ಗರಿಗರಿ ಹುರಿದು ಆರಿಸಿದ ಬೂಸಾದಲ್ಲಿ ಮೆಲ್ಲಗೆ ಹೊರಳಾಡಿಸುವಳು. ಮತ್ತೆ ಜರಡಿ. ಹೊರಳಿದ ಬೂಸಾದ ಜೊತೆ ನುಸಿ ಉದುರುವುದು, ಆ ಬೂಸಾ ನೇರ ಒಲೆಗೆ. ಟ್ರೇಗೆ ಕುದಿಯುವ ನೀರು, ಆಮೇಲೆ ಬಿಸಿಲು. ಸತ್ತದ್ದನ್ನು, ಕೋಶವಾದದ್ದನ್ನು ಒಂದೊಂದಾಗಿ ಬೆರಳಲ್ಲಿ ಎತ್ತಿ ಬೇರೆ ಇಡುವಳು. ಉಣ್ಣಿ ಕಿತ್ತು ಪಳಗಿದ ಬೆರಳು, ಮೆತ್ತಗಿನ ಕೋಶವನ್ನೂ ನೋಯಿಸಲಿಲ್ಲ. ಹನ್ನೊಂದನೆಯ ದಿನ ಟ್ರೇಯ ಅಂಚಿನಲ್ಲಿ ಧೂಳು ಕಾಣಲಿಲ್ಲ. ಹನ್ನೆರಡನೆಯ ದಿನವೂ ಇಲ್ಲ. ಹದಿಮೂರನೆಯ ದಿನ ಚಿಕ್ಕ ಗಜ್ಜರಿ ಚೂರು ಇಟ್ಟಳು. ಹುಳಗಳು ಅದಕ್ಕೆ ಮುತ್ತಿದ ಪರಿ ನೋಡಿ ಮಾಳಮ್ಮ ಒಬ್ಬಳೇ ಕೂತು ನಕ್ಕಳು, ನಗುತ್ತ ಅತ್ತಳು.

ಹಳೆಯ ಟ್ರೇಗಳನ್ನು ಆಕೆ ನಂಬಲಿಲ್ಲ, ಎಷ್ಟು ತಿಕ್ಕಿದರೂ. ಬಂಗಾರಪ್ಪ ಕೂಡ್ಲಿಗಿ ಸಂತೆಯಿಂದ ನುಣುಪಾದ ಪ್ಲಾಸ್ಟಿಕ್ ಬೋಗುಣಿಗಳನ್ನು ಹೊತ್ತು ತಂದ. ಕೋಳಿಗೆ ಸುರಿದುಬಿಡು ಅಂದವನೇ ಈಗ ಅಡವಿಯಿಂದ ಬಂದವನು ಮೊದಲು ಕೈ ತೊಳೆದು, ಬಾಗಿ ನೋಡಿ, ಎಷ್ಟು ದುಂಬಿಯಾದವು ಎಂದು ವಿಚಾರಿಸುತ್ತಿದ್ದ. ಹುಳ ಕೋಶವಾದವು, ಕೋಶ ದುಂಬಿಯಾದವು. ಹಂಪಸಾಗರದಲ್ಲಿ ರೇಣುಕಾಗೆ ಹೆಣ್ಣುಕೂಸು ಹುಟ್ಟಿದ ಸುದ್ದಿ ಬಂದ ವಾರವೇ ಇಲ್ಲಿ ಎರಡು ಬೋಗುಣಿಗಳ ಬೂಸಾ ತಾನಾಗಿ ಮಿಸುಕಾಡತೊಡಗಿತು. ಕೂದಲೆಳೆಯಂಥ ಮರಿಹುಳಗಳು. ಬೋಗುಣಿ ಮೂರಾಯಿತು, ಐದಾಯಿತು, ಬಿಸಿಲು ಏರಿದಂತೆ ಒಂಬತ್ತಾಯಿತು. ಆ ಹದಿಮೂರನೆಯ ಟ್ರೇಯನ್ನು ಮಾತ್ರ ಆಕೆ ಬಿಡಲಿಲ್ಲ. ಬೂಸಾ ಹಾಕುವಾಗ ಮೊದಲ ಹಿಡಿ ಅದಕ್ಕೇ. ಫೋನಿನಲ್ಲಿ ಈಗ ಚಂದ ಅದಾವ ಅನ್ನುವುದು ಸುಳ್ಳಾಗಿರಲಿಲ್ಲ, ಆದರೂ ಅಷ್ಟು ಹೇಳಿ ಬೇಗ ಕೂಸಿನ ಮಾತಿಗೆ ತಿರುಗಿಬಿಡುತ್ತಿದ್ದಳು.

ಬೇಸಿಗೆಯ ನಡುವೆ ರೇಣುಕಾ ಬಂದಳು. ಓಬಳೇಶ ಚೀಲಗಳನ್ನು ಇಳಿಸುತ್ತಿದ್ದಂತೆ ಆಕೆ ಕೂಸನ್ನು ಎದೆಗೆ ಅವಚಿಕೊಂಡು, ಪದ್ಧತಿಯಂತೆ, ಮೊದಲು ಮಾಳಮ್ಮನ ಹೊಸ್ತಿಲಿಗೆ ಬಂದು ನಿಂತಳು. ಒಳಗೆ ದೇವರ ಮುಂದೆ ನೆಲ ಬರಿದಾಗಿತ್ತು.

"ಕಂಬಳಿ ಹಾಸಿಲ್ಲೇನು ಅತ್ತಿ?"

ಐದು ತಿಂಗಳಿಂದ ಹೇಗೆ ಹೇಳಲಿ, ಎಲ್ಲಿಂದ ಸುರು ಮಾಡಲಿ ಎಂದು ಮಾಳಮ್ಮ ಜೋಡಿಸಿಟ್ಟುಕೊಂಡಿದ್ದ ಮಾತುಗಳು ಒಂದೂ ನೆನಪಾಗಲಿಲ್ಲ.

"ಹಾಸಾಕ ಬರಂಗಿಲ್ಲವ್ವ. ಅದರಾಗ ಕುರಿ ಔಷಧಿ ಕುಂತೈತಿ, ಚೀಲದಾಗ ಕಟ್ಟಿ ಅಟ್ಟಕ್ಕ ಹಾಕೀವಿ. ಚಳಿ ಅಂತ ನಿನ್ನ ಹುಳಕ್ಕ ಅದನ್ನ ಹೊದಿಸಿ, ಹನ್ನೆರಡು ಟ್ರೇ ನಾನ ಕೊಂದೀನಿ. ಫೋನಿನ್ಯಾಗ ಸುಳ್ಳು ಹೇಳೀನಿ. ಹೊರಗ ಇಟ್ಟಿದ್ದು ಒಂದ ಉಳೀತು, ಈಗ ಇರೋವೆಲ್ಲ ಅದರವ."

ರೇಣುಕಾ ಕೂಸನ್ನು ಎತ್ತಿಕೊಂಡೇ ಒಳಕೋಣೆಗೆ ಹೋದಳು. ಮಾಳಮ್ಮ ಬಾಗಿಲ ಹತ್ತಿರ ಗೋಡೆ ಹಿಡಿದು ನಿಂತಳು. ರೇಣುಕಾ ಅಟ್ಟಣೆಯ ಕಾಲುಗಳ ಬಟ್ಟಲಿನ ನೀರು ನೋಡಿದಳು. ಒಂದೊಂದು ಬೋಗುಣಿಯ ಅಂಚಿನ ಮೇಲೂ ಬೆರಳಾಡಿಸಿ, ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬೂಸಾ ಎತ್ತಿ ಮೂಸಿದಳು. ಒಂಬತ್ತು ಬೋಗುಣಿಗಳಲ್ಲಿ ಎಲ್ಲಿಯೂ ಒಂದು ನುಸಿ ಇರಲಿಲ್ಲ, ಒಂದು ಸತ್ತ ಹುಳ ಇರಲಿಲ್ಲ. ಹದಿಮೂರನೆಯ ಟ್ರೇಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಹೊರಗೆ ಬಂದು ಅಟ್ಟದ ಮೇಲಿನ ಚೀಲವನ್ನು ನೋಡಿದಳು, ತೋಳಲ್ಲಿ ಮಲಗಿದ್ದ ಮೂರು ತಿಂಗಳ ಕೂಸಿನ ಮುಖ ನೋಡಿದಳು.

ಬೈಯಲಿ ಅಂದುಕೊಂಡಳು ಮಾಳಮ್ಮ. ಬೈದರೆ ತನಗೂ ಹಗುರವಾದೀತು.

"ಅತ್ತಿ," ಅಂದಳು ರೇಣುಕಾ. "ಆ ಹುಳ ಸಾಯ್ಲಿಲ್ಲಂದ್ರ ಇವತ್ತು ಆ ಕಂಬಳಿ ಮ್ಯಾಲ ನನ್ನ ಕೂಸಿನ್ನ ಮಲಗಿಸ್ತಿದ್ವಲ್ಲ."

ಮಾಳಮ್ಮನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅಟ್ಟದ ಚೀಲದಿಂದ ಕಣ್ಣು ತೆಗೆದು ಕೂಸನ್ನು ನೋಡಿದಳು. ಐದು ತಿಂಗಳು ಆ ಹುಳಗಳ ಹತ್ತಿರ ಎಷ್ಟು ಸಲ ತಪ್ಪಾಯಿತು ಎಂದಿದ್ದಳೋ ಲೆಕ್ಕವಿಲ್ಲ. ಅವುಗಳಿಗೆ ಕೈಮುಗಿಯಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ. ಈಗ, ಹಿತ್ತಲಲ್ಲಿ ಗುಂಡಿ ಮುಚ್ಚಿದ ಜಾಗದ ಕಡೆಗೆ ತಿರುಗಿ, ಯಾರು ನೋಡಿದರೂ ನೋಡಲಿ ಎಂದು ಎರಡೂ ಕೈ ಜೋಡಿಸಿದಳು.

ರೇಣುಕಾ ಕಣ್ಣು ಒರೆಸಿಕೊಂಡು ದೇವರ ಮುಂದಿನ ಬರಿ ನೆಲ ತೋರಿಸಿ, ಅಲ್ಲಿ ಕೂತುಕೋ, ನಿನ್ನ ಮಡಿಲಲ್ಲೇ ಮಲಗಿಸುತ್ತೇನೆ ಎಂದಳು. ಮಾಳಮ್ಮ ತಡಿ ಎಂದು ಕುಂಟುತ್ತ ಬಚ್ಚಲಿಗೆ ಹೋದಳು. ಸೋಪು ಹಚ್ಚಿ ಎರಡು ಸಲ ಕೈ ತೊಳೆದು, ಮೂಸಿ ನೋಡಿ, ಮೂರನೆಯ ಸಲ ತೊಳೆದು, ಒಗೆದ ಸೀರೆಯಲ್ಲಿ ಒರೆಸಿಕೊಂಡು ಬಂದು, ಕಾಲು ಚಾಚಿ ಕೂತು, ಕೂಸಿಗೆ ಮಡಿಲೊಡ್ಡಿದಳು.